ಕಡಿಮೆ ಬಂಡವಾಳದ ಅಮೆರಿಕನ್ ಅಪರಾಧ ಚಿತ್ರಗಳು: ಆ ಕತ್ತಲೆ ನಿಜವಾಗಿಯೂ ಬಡತನದ ಕೊಡುಗೆಯೇ?

ಸೆಕೆಂಡ್_ಶೋ:

1940ರ ದಶಕದ ಅಮೆರಿಕನ್ ಅಪರಾಧ ಚಿತ್ರಗಳ ಬಗ್ಗೆ ಎಲ್ಲಿ ಓದಿದರೂ ಒಂದು ವಾದ ತಪ್ಪದೆ ಎದುರಾಗುತ್ತದೆ. ಸೆಟ್ಟು ಹಾಕಲು ಹಣವಿರಲಿಲ್ಲ, ಇದ್ದ ಹಳೆಯ ಸೆಟ್ಟಿನ ಹರುಕುಮುರುಕು ಕಾಣಬಾರದೆಂದು ದೀಪಗಳನ್ನು ಕಡಿಮೆ ಮಾಡಿದರು, ಹೀಗೆ ನೆರಳು, ನಿರಾಶೆ ತುಂಬಿದ ಅಪರಾಧ ಚಿತ್ರಗಳ ಬಗೆಯಾದ ಫಿಲ್ಮ್ ನ್ವಾರ್‌ನ ಕತ್ತಲೆಯ ಶೈಲಿ ಹುಟ್ಟಿತು ಎಂಬುದು ಅದರ ತಿರುಳು. ಕೇಳಲು ಸೊಗಸಾಗಿರುವ ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಇಲ್ಲಿರುವ ಹಿರಿಯರು ಏನೆನ್ನುತ್ತಾರೆಂದು ತಿಳಿಯಲು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಈ ವಾದಕ್ಕೆ ಸಾಕ್ಷಿಯಾಗಿ ಎಲ್ಲರೂ ತೋರಿಸುವ ಚಿತ್ರ ಎಡ್ಗರ್ ಜಿ. ಉಲ್ಮರ್ ನಿರ್ದೇಶಿಸಿದ ‘ಡಿಟೂರ್’. 1945ರಲ್ಲಿ ತೆರೆಕಂಡ, ಸುಮಾರು 68 ನಿಮಿಷಗಳ ಈ ಚಿತ್ರವನ್ನು ತಯಾರಿಸಿದ್ದು ಪಿ.ಆರ್.ಸಿ. ಎಂಬ ಸಣ್ಣ ಕಂಪನಿ. ಹಾಲಿವುಡ್ಡಿನವರು ‘ಪಾವರ್ಟಿ ರೋ’ (ಬಡತನದ ಬೀದಿ) ಎಂದು ಹಂಗಿಸುತ್ತಿದ್ದ ಕಂಪನಿಗಳ ಪೈಕಿ ಅದು ತಳದಲ್ಲಿತ್ತು. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಪಿಯಾನೋ ನುಡಿಸುವ ಅಲ್ ರಾಬರ್ಟ್ಸ್ ಎಂಬಾತ, ಹಾಲಿವುಡ್ಡಿಗೆ ಹೋಗಿರುವ ತನ್ನ ಪ್ರೇಯಸಿ ಸ್ಯೂಳನ್ನು ಸೇರಲು, ದಾರಿಯಲ್ಲಿ ಸಿಕ್ಕಿದವರ ಕಾರಿಗೆ ಕೈಯೊಡ್ಡುತ್ತಾ ದೇಶದ ಆ ತುದಿಯಿಂದ ಈ ತುದಿಗೆ ಹೊರಡುತ್ತಾನೆ. ಅವನನ್ನು ಹತ್ತಿಸಿಕೊಂಡ ಹ್ಯಾಸ್ಕೆಲ್ ಎಂಬವನು ದಾರಿಯಲ್ಲೇ ಸಾಯುತ್ತಾನೆ. ಕೊಲೆಯ ಆರೋಪ ತನ್ನ ತಲೆಗೇ ಬರುತ್ತದೆಂದು ಹೆದರಿದ ಅಲ್, ಸತ್ತವನ ಬಟ್ಟೆ, ಹಣ, ಕಾರು ಮತ್ತು ಹೆಸರನ್ನು ತನ್ನದಾಗಿಸಿಕೊಳ್ಳುತ್ತಾನೆ. ಮುಂದೆ ಅವನೇ ಕನಿಕರದಿಂದ ಕಾರಿಗೆ ಹತ್ತಿಸಿಕೊಂಡ ವೆರಾ ಎಂಬಾಕೆ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದು, ಥಟ್ಟನೆ ಎದ್ದು, ಕಾರಿನ ನಿಜವಾದ ಮಾಲೀಕನ ಹೆಣವನ್ನು ಎಲ್ಲಿ ಹಾಕಿದೆ ಎಂದು ಕೇಳುತ್ತಾಳೆ. ಅಲ್ಲಿಂದ ಚಿತ್ರ ಆಕೆಯ ಕೈಗೆ ಹೋಗುತ್ತದೆ.

ಈ ಚಿತ್ರವನ್ನು ಆರೇ ದಿನಗಳಲ್ಲಿ, 20,000 ಡಾಲರಿನಲ್ಲಿ ತೆಗೆದರೆಂಬ ದಂತಕಥೆ ದಶಕಗಳ ಕಾಲ ಓಡಾಡಿತು, ಮತ್ತು ಅದನ್ನು ಬೆಳೆಸಿದವರಲ್ಲಿ ಸ್ವತಃ ಉಲ್ಮರ್ ಕೂಡ ಒಬ್ಬರು. ಆದರೆ ಉಲ್ಮರ್ ಕುರಿತು ಆಳವಾಗಿ ಅಧ್ಯಯನ ಮಾಡಿದ ನೋವಾ ಐಸೆನ್‌ಬರ್ಗ್ ದಾಖಲೆಗಳನ್ನು ತೆರೆದು ನೋಡಿದಾಗ, ವೆಚ್ಚ ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತೆಂದು ತಿಳಿದುಬಂತು. ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಅದೂ ಚಿಲ್ಲರೆಯೇ, ನಿಜ. ಆದರೂ ಐದು ಪಟ್ಟು ವ್ಯತ್ಯಾಸವನ್ನು ದಂತಕಥೆ ಏಕೆ ನುಂಗಿಕೊಂಡಿತು? ಬಡತನವೇ ಕಲೆಯನ್ನು ಹೆತ್ತಿತೆಂದು ನಂಬಲು ನಮಗೆಲ್ಲ ಅಷ್ಟು ಆಸೆಯಿರುವುದರಿಂದಲೇ ಎಂಬುದು ನನ್ನ ಅನಿಸಿಕೆ.

ಹದಿನಾರು_ಎಂಎಂ:

ಸೆಕೆಂಡ್ ಶೋ ಅವರೇ, ಶೈಲಿಯ ಮಾತಿಗೆ ಮೊದಲು ವ್ಯಾಪಾರದ ಮಾತನ್ನು ಸ್ವಲ್ಪ ಆಡಿಬಿಡೋಣ. ಅದಿಲ್ಲದೆ ‘ಕಡಿಮೆ ಬಂಡವಾಳ’ ಎಂಬುದು ಬರಿಯ ವಿಶೇಷಣವಾಗಿಬಿಡುತ್ತದೆ.

1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯನ್ನು ಹಿಡಿದವು. ಮೊದಲನೆಯದು ತಾರೆಯರಿರುವ ‘ಎ’ ಚಿತ್ರ. ಅದರ ಗಳಿಕೆಯಲ್ಲಿ ಸ್ಟುಡಿಯೋಗೆ ಶೇಕಡಾವಾರು ಪಾಲು. ಎರಡನೆಯದು ‘ಬಿ’ ಚಿತ್ರ. ಅದಕ್ಕೆ ಮಾತ್ರ ನಿಗದಿತ ಬಾಡಿಗೆ. ಚಿತ್ರ ಹೇಗೇ ಓಡಿದರೂ ಬರುವ ಮೊತ್ತ ಅಷ್ಟೇ. ಗಳಿಕೆ ಎಷ್ಟೆಂದು ಮೊದಲೇ ಗೊತ್ತಿರುವಾಗ ನಿರ್ಮಾಪಕನಿಗೆ ಲಾಭ ಹುಟ್ಟುವುದು ಖರ್ಚನ್ನು ಹಿಂಡುವುದರಿಂದ ಮಾತ್ರ. ಚಿತ್ರ ಚೆನ್ನಾಗಿ ಬಂದರೆ ಹೆಚ್ಚು ದುಡ್ಡು ಬರುವುದಿಲ್ಲ, ಕೆಟ್ಟದಾಗಿ ಬಂದರೆ ಕಡಿಮೆಯೂ ಆಗುವುದಿಲ್ಲ. ಪಿ.ಆರ್.ಸಿ., ಮೊನೊಗ್ರಾಮ್‌ನಂಥ ಕಂಪನಿಗಳು ಬದುಕಿದ್ದು ಈ ಲೆಕ್ಕಾಚಾರದ ಮೇಲೆ.

ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆಯೇ. ಚಿತ್ರದ ಗುಣಕ್ಕೂ ಗಳಿಕೆಗೂ ಸಂಬಂಧವಿಲ್ಲದ ಮೇಲೆ, ನಿರ್ದೇಶಕನ ಬೆನ್ನ ಹಿಂದೆ ನಿಂತು ‘ನಾಯಕ ಇಷ್ಟು ಹೇಡಿಯಾದರೆ ಹೇಗೆ, ಕೊನೆ ಸ್ವಲ್ಪ ಸುಖಾಂತವಾಗಲಿ’ ಎಂದು ಹೇಳುವವರು ಯಾರೂ ಇರುವುದಿಲ್ಲ. ದಿನಕ್ಕಿಷ್ಟು ಪುಟ ಮುಗಿಸಿದರೆ ಸಾಕು. ಉಲ್ಮರ್ ಅವರಿಗೆ ಪಿ.ಆರ್.ಸಿ. ಕೊಟ್ಟದ್ದು ಈ ಅಲಕ್ಷ್ಯ. 1934ರಲ್ಲಿ ಯೂನಿವರ್ಸಲ್ ಸ್ಟುಡಿಯೋಗೆ ‘ದಿ ಬ್ಲ್ಯಾಕ್ ಕ್ಯಾಟ್’ ಎಂಬ ಯಶಸ್ವಿ ಚಿತ್ರ ಮಾಡಿಕೊಟ್ಟಿದ್ದ ಮನುಷ್ಯ, ಸ್ಟುಡಿಯೋ ಮುಖ್ಯಸ್ಥರ ಬಂಧುವಿನ ಪತ್ನಿಯನ್ನು ಪ್ರೀತಿಸಿ ಮದುವೆಯಾದ ಕಾರಣಕ್ಕೆ ದೊಡ್ಡ ಬಾಗಿಲುಗಳೆಲ್ಲ ಮುಚ್ಚಿಹೋಗಿ ಇಲ್ಲಿಗೆ ಬಂದಿದ್ದರು. ಇಲ್ಲಿ ಹಣವಿರಲಿಲ್ಲ, ಕೇಳುವವರೂ ಇರಲಿಲ್ಲ.

ಇನ್ನೊಂದು ಅಂಶವನ್ನೂ ಸೇರಿಸುತ್ತೇನೆ. ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಒಂದು ಚಿತ್ರದ ಸೆಟ್ಟಿಗೆ ಬಳಸುವ ಹೊಸ ಸಾಮಗ್ರಿಗೆ 5,000 ಡಾಲರಿನ ಮಿತಿ ಹೇರಿತ್ತು. ಮರ, ಮೊಳೆ ಎಲ್ಲವೂ ಯುದ್ಧಕ್ಕೆ ಬೇಕಾಗಿತ್ತು. ಈ ಮಿತಿ ಬಡ ಕಂಪನಿಗಳಿಗೆ ಹೊಸದೇನಲ್ಲ, ಆದರೆ ಎಂ.ಜಿ.ಎಂ., ಪ್ಯಾರಾಮೌಂಟ್‌ನಂಥ ಕುಬೇರರೂ ಆ ಕೆಲವು ವರ್ಷ ಹಳೆಯ ಸೆಟ್ಟಿಗೆ ಹೊಸ ನೆರಳು ಹಾಕಿ ತೂಗಿಸಬೇಕಾಯಿತು.

ಲೈಟ್_ಯೂನಿಟ್:

ನಾನು ಓದಿದವನಲ್ಲ, ಬೆಂಗಳೂರಿನ ಧಾರಾವಾಹಿಗಳಿಗೆ ಹಲವು ವರ್ಷಗಳಿಂದ ಲೈಟಿಂಗ್ ಕೆಲಸ ಮಾಡುತ್ತಿರುವವನು. ಬಡತನದಿಂದ ಕತ್ತಲೆ ಹುಟ್ಟುತ್ತದೆಂಬ ಮಾತು ಓದಿದಾಗಲೆಲ್ಲ ನಗು ಬರುತ್ತದೆ, ಕ್ಷಮಿಸಿ.

ಹಣ ಕಡಿಮೆ ಇರುವ ಸೆಟ್ಟಿನಲ್ಲಿ ನಿಜವಾಗಿ ಆಗುವುದೇನು? ಬೆಳಗ್ಗೆ ಹಾಲ್ ಪೂರ್ತಿ ಒಂದೇ ಸಮನೆ ಬೆಳಕು ತುಂಬಿಬಿಡುತ್ತೇವೆ. ಅತ್ತೆ ಎಲ್ಲಿ ನಿಂತರೂ, ಸೊಸೆ ಎಲ್ಲಿಂದ ಬಂದರೂ, ಎಷ್ಟು ಕ್ಯಾಮೆರಾ ಇಟ್ಟರೂ ಮುಖ ಕಾಣಬೇಕು. ಆಮೇಲೆ ಸಂಜೆಯವರೆಗೆ ದೀಪ ಮುಟ್ಟುವ ಹಾಗಿಲ್ಲ; ಮುಟ್ಟಿದರೆ ಸಮಯ ಹೋಯಿತು, ಸಮಯ ಹೋದರೆ ಎಪಿಸೋಡ್ ಹೋಯಿತು. ಕಿಟಕಿಯಿಂದ ಒಂದೇ ಒಂದು ಬೆಳಕಿನ ಪಟ್ಟಿ ಬಂದು ಅದು ಪಾತ್ರದ ಕಣ್ಣಿನ ಮೇಲಷ್ಟೇ ಬೀಳಬೇಕೆಂದರೆ, ಆ ಪಾತ್ರ ಗುರುತು ಹಾಕಿದ ಜಾಗದಲ್ಲೇ ನಿಲ್ಲಬೇಕು, ಪ್ರತಿ ಶಾಟಿಗೂ ಬ್ಲಾಕ್ ಕ್ಲಾತ್ ಕಟ್ಟಿ ಬೆಳಕನ್ನು ಕತ್ತರಿಸಬೇಕು, ರಿಹರ್ಸಲ್ ಬೇಕು. ಹಾಗಾಗಿ ಕತ್ತಲೆ ಅಗ್ಗದ ವಸ್ತುವಲ್ಲ. ಅಗ್ಗವಾದದ್ದು ಸಪಾಟು ಬೆಳಕು. ನಮ್ಮ ಧಾರಾವಾಹಿಗಳ ಮನೆಗಳು ಮದುವೆ ಮಂಟಪದಂತೆ ಹೊಳೆಯುವುದಕ್ಕೆ ಶ್ರೀಮಂತಿಕೆ ಕಾರಣವಲ್ಲ.

‘ಡಿಟೂರ್’ ಆರಂಭದಲ್ಲಿ ಹೋಟೆಲಿನಲ್ಲಿ ಕುಳಿತ ಅಲ್‌ನ ಮುಖದ ಸುತ್ತ ಬೆಳಕು ನಿಧಾನವಾಗಿ ಇಳಿದು, ಕಣ್ಣಿನ ಮೇಲೆ ಮಾತ್ರ ಒಂದು ಪಟ್ಟಿ ಉಳಿದು, ಅಲ್ಲಿಂದ ಹಿಂದಿನ ಕಥೆ ಶುರುವಾಗುತ್ತದಲ್ಲ, ಆ ಒಂದು ಶಾಟನ್ನು ನೋಡಿ. ಅದು ಆತುರದಲ್ಲಿ ಆದದ್ದಲ್ಲ. ಸುತ್ತಲಿನ ದೀಪಗಳನ್ನು ಡಿಮ್ಮರಿನಲ್ಲಿ ಇಳಿಸುವಾಗ ಕಣ್ಣಿನ ದೀಪ ಅಲುಗಾಡದೆ ಇರಬೇಕು, ನಟ ಒಂದಂಗುಲವೂ ಜರುಗಬಾರದು. ಯಾರೋ ಅದಕ್ಕಾಗಿ ಬೇರೆ ಹತ್ತು ಶಾಟುಗಳ ಸಮಯವನ್ನು ಉಳಿಸಿ ತಂದಿದ್ದಾರೆ ಎಂದೇ ನನಗನಿಸುತ್ತದೆ.

ಸೆಕೆಂಡ್_ಶೋ:

ಲೈಟ್ ಯೂನಿಟ್ ಅವರು ಹೇಳಿದ್ದಕ್ಕೆ ಇತಿಹಾಸದಲ್ಲೇ ಪುರಾವೆಯಿದೆ. ಪಿ.ಆರ್.ಸಿ.ಯ ಬಹುಪಾಲು ಚಿತ್ರಗಳು ಕತ್ತಲೆಯವಲ್ಲವೇ ಅಲ್ಲ. ಹಗಲು ಹೊತ್ತಿನಲ್ಲಿ ಬಯಲಿನಲ್ಲಿ ಸುತ್ತಿ ಮುಗಿಸಿದ ಕುದುರೆ ಸವಾರಿಯ ವೆಸ್ಟರ್ನ್‌ಗಳು ಅವುಗಳಲ್ಲಿ ಹೇರಳವಾಗಿವೆ. ಆ ಕಂಪನಿಯ ಸ್ಯಾಮ್ ನ್ಯೂಫೀಲ್ಡ್ ಎಂಬ ನಿರ್ದೇಶಕರು ಎಷ್ಟು ಚಿತ್ರ ಸುತ್ತುತ್ತಿದ್ದರೆಂದರೆ, ಎಲ್ಲವೂ ಒಬ್ಬನದೇ ಎಂದು ಗೊತ್ತಾಗದಿರಲಿ ಎಂದು ಪೀಟರ್ ಸ್ಟೀವರ್ಟ್, ಶೆರ್ಮನ್ ಸ್ಕಾಟ್ ಎಂಬ ಎರಡು ಹೆಸರುಗಳನ್ನೂ ಹಾಕಿಕೊಳ್ಳುತ್ತಿದ್ದರು. ಅದೇ ಕಂಪನಿ, ಅದೇ ಬಡತನ. ಆದರೂ ಅಲ್ಲಿ ನ್ವಾರ್‌ನ ಸುಳಿವಿಲ್ಲ. ‘ಡಿಟೂರ್’ ಚಿತ್ರದ ಛಾಯಾಗ್ರಾಹಕ ಬೆಂಜಮಿನ್ ಕ್ಲೈನ್ ಅವರು ಅದಕ್ಕೂ ಮೊದಲು ‘ತ್ರೀ ಸ್ಟೂಜಸ್’ ತಂಡದ ಕಿರು ಹಾಸ್ಯಚಿತ್ರಗಳಿಗೂ ಕ್ಯಾಮೆರಾ ಹಿಡಿದಿದ್ದವರು.

ಇನ್ನೊಂದು ಬದಿಯಿಂದ ನೋಡಿದರೆ, ನ್ವಾರ್ ಬೆಳಕಿನ ಮಾದರಿ ಎಂದು ಎಲ್ಲರೂ ತೋರಿಸುವ ‘ಡಬಲ್ ಇಂಡೆಮ್ನಿಟಿ’ (1944) ಪ್ಯಾರಾಮೌಂಟಿನ ಪಕ್ಕಾ ‘ಎ’ ಚಿತ್ರ. ಏಳು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರವದು. ಅದರಲ್ಲಿ ನಾಯಕಿಯ ಮನೆಯ ಹಜಾರದ ಧೂಳು ಬೆಳಕಿನಲ್ಲಿ ತೇಲುವುದು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಸ್ ಅವರು ಅಲ್ಯೂಮಿನಿಯಂ ಕಣಗಳನ್ನು ಗಾಳಿಯಲ್ಲಿ ತೂರಿಸಿದರು. ಧೂಳನ್ನೂ ತಯಾರಿಸಿಕೊಳ್ಳುವಷ್ಟು ಅನುಕೂಲವಿದ್ದವರ ಕತ್ತಲೆ ಅದು.

ಕತ್ತರಿ_ಟೇಪು:

ಕತ್ತಲೆಯನ್ನು ಪಕ್ಕಕ್ಕಿಡಿ. ಬಡತನ ಈ ಚಿತ್ರಗಳಿಗೆ ಏನನ್ನಾದರೂ ಕೊಟ್ಟಿದ್ದರೆ ಅದು ಬಿಟ್ಟುಬಿಡುವ ಧೈರ್ಯ. ಸಂಕಲನದ ಮೇಜಿನಲ್ಲಿ ಕೂರುವವನಾಗಿ ನಾನು ಇದನ್ನು ಹೇಳುತ್ತಿದ್ದೇನೆ.

‘ಡಿಟೂರ್’ ಚಿತ್ರದಲ್ಲಿ ಅಲ್ ನ್ಯೂಯಾರ್ಕಿನಿಂದ ಸ್ಯೂಗೆ ಫೋನ್ ಮಾಡುವ ದೃಶ್ಯವನ್ನು ಗಮನಿಸಿ. ದೇಶದುದ್ದಕ್ಕೂ ಹಾದುಹೋದ ಕರೆಯನ್ನು ತೋರಿಸಲು ಸ್ವಿಚ್‌ಬೋರ್ಡಿನ ಮುಂದೆ ಕುಳಿತ ಆಪರೇಟರುಗಳ, ತಂತಿಗಳ ಸ್ಟಾಕ್ ಶಾಟುಗಳನ್ನು ತಂದು ಅಂಟಿಸಲಾಗಿದೆ. ಅವು ಬೇರೆ ಯಾವುದಕ್ಕೋ ತೆಗೆದವೆಂದು ನೋಡಿದರೇ ಗೊತ್ತಾಗುತ್ತದೆ. ಆಮೇಲೆ ಮಾತನಾಡುವವನು ಅಲ್ ಒಬ್ಬನೇ. ರಿಸೀವರ್ ಹಿಡಿದ ಸ್ಯೂಳ ಮುಖ ತೋರಿಸುತ್ತಾರೆ, ಆದರೆ ಆಕೆಯ ಒಂದು ಮಾತೂ ನಮಗೆ ಕೇಳಿಸುವುದಿಲ್ಲ. ಉಳಿತಾಯಕ್ಕಾಗಿ ಹೀಗೆ ಮಾಡಿರಬಹುದು. ಪರಿಣಾಮ ಮಾತ್ರ ಬೇರೆಯದು: ತಾನು ಬರುತ್ತೇನೆಂದು ಅವನು ಸಂಭ್ರಮಿಸುತ್ತಿದ್ದಾನೆ, ಆಕೆ ಒಪ್ಪಿದಳೋ ಇಲ್ಲವೋ ತಿಳಿಯುವ ದಾರಿಯೇ ಪ್ರೇಕ್ಷಕನಿಗೆ ಇಲ್ಲ. ಮೂಲ ಕಾದಂಬರಿಯನ್ನು 1939ರಲ್ಲಿ ಬರೆದ ಮಾರ್ಟಿನ್ ಗೋಲ್ಡ್‌ಸ್ಮಿತ್ ಅವರೇ ಚಿತ್ರಕಥೆಯನ್ನೂ ಬರೆದಿದ್ದಾರೆ. ಕಾದಂಬರಿಯಲ್ಲಿ ಅಧ್ಯಾಯಗಳು ಅವನ ಬಾಯಲ್ಲಿ ಒಮ್ಮೆ, ಆಕೆಯ ಬಾಯಲ್ಲಿ ಒಮ್ಮೆ ಸಾಗುತ್ತವೆ. ಚಿತ್ರದಲ್ಲಿ ಆಕೆಯ ಪಾಲನ್ನು ಪೂರ್ತಿ ಕತ್ತರಿಸಿ ಹಾಕಿದ್ದಾರೆ. ಹಾಗಾಗಿ ಉಳಿದದ್ದು ಒಬ್ಬನೇ ಒಬ್ಬ ಸಾಕ್ಷಿ, ಅವನೂ ಆರೋಪಿ.

ನ್ಯೂಯಾರ್ಕಿನ ಬೀದಿ ಅವರ ಬಳಿ ಇರಲಿಲ್ಲ. ಪ್ರೇಮಿಗಳಿಬ್ಬರನ್ನು ದಟ್ಟ ಮಂಜಿನಲ್ಲಿ ನಡೆಸಿ, ನಡುವೆ ಬೀದಿಯ ಹೆಸರಿನ ಫಲಕಗಳನ್ನಷ್ಟೇ ತೋರಿಸಿ ಊರನ್ನು ಮುಗಿಸಿದರು. ಅವನ ನೆನಪಿನಲ್ಲಿ ಉಳಿದಿರುವ ನ್ಯೂಯಾರ್ಕ್ ಅಷ್ಟೇ ಎಂದು ನಾವು ಒಪ್ಪಿಕೊಳ್ಳುತ್ತೇವೆ.

ಎಲ್ಲ ಉಳಿತಾಯವೂ ಹೀಗೆ ಫಲ ಕೊಟ್ಟಿತೆಂದಲ್ಲ. ಅಲ್ ಪಶ್ಚಿಮಕ್ಕೆ ಪ್ರಯಾಣಿಸುವಾಗ ಕೆಲವು ಶಾಟುಗಳಲ್ಲಿ ಕಾರುಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ, ಸ್ಟೀರಿಂಗು ಬಲಗಡೆಗೆ ಬಂದಿರುತ್ತದೆ. ಭೂಪಟದಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೋಗುವ ದಿಕ್ಕು ಬಲದಿಂದ ಎಡಕ್ಕೆ. ಚಲನೆ ಆ ದಿಕ್ಕಿನಲ್ಲೇ ಕಾಣಲಿ ಎಂದು ನೆಗೆಟಿವ್ ಅನ್ನು ತಿರುಗಿಸಿ ಹಾಕಿದ್ದಾರೆ. ಅಮೆರಿಕನ್ ವಿಮರ್ಶಕರು ಇದನ್ನು ಎತ್ತಿ ಆಡುತ್ತಾರೆ. ನಮ್ಮ ರಸ್ತೆಗಳಿಗೆ ಒಗ್ಗಿದ ಕಣ್ಣಿಗೆ ಮಾತ್ರ ಅದು ತಪ್ಪೆಂದು ಹೊಳೆಯುವುದೇ ಇಲ್ಲ. ಯಾರೋ ಹೇಳುವ ತನಕ ನನಗೂ ಆ ದೃಶ್ಯಗಳಲ್ಲಿ ಯಾವ ಎಡವಟ್ಟೂ ಕಂಡಿರಲಿಲ್ಲ.

ತೀರ್ಥಹಳ್ಳಿಯವಳು:

ಇಷ್ಟು ಹೊತ್ತು ದೀಪ, ಮಂಜು, ನೆಗೆಟಿವ್ ಎಲ್ಲದರ ಮಾತೂ ಆಯಿತು, ವೆರಾ ಪಾತ್ರದ ಆನ್ ಸ್ಯಾವೇಜ್ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಚಿತ್ರದ ಮೊದಲರ್ಧದಲ್ಲಿ ಆಕೆ ಇಲ್ಲವೇ ಇಲ್ಲ. ಬಂದ ಮೇಲೆ ಚಿತ್ರದ ವೇಗವೇ ಬದಲಾಗುತ್ತದೆ. ಆ ಕಾಲದ ದೊಡ್ಡ ಸ್ಟುಡಿಯೋಗಳ ಮೋಹಿನಿಯರು ಕೊಲೆಗೆ ಒಪ್ಪಿಸುವಾಗಲೂ ಕೂದಲು ಕದಡದಂತೆ ಇರುತ್ತಿದ್ದರು. ವೆರಾ ಹಾಗಲ್ಲ. ಎಣ್ಣೆಗಟ್ಟಿದ ತಲೆ, ದಣಿದ ಮುಖ, ಕೆಮ್ಮು, ಮಾತೆಲ್ಲವೂ ಬೆದರಿಕೆ. ಆಕೆ ಯಾರನ್ನೂ ಮರುಳು ಮಾಡುವುದಿಲ್ಲ. ಆಕೆಗೆ ಬೇಕಾದದ್ದು ಹಣ. ಅದಕ್ಕೆ ಬೇಕಾದ ಗುಟ್ಟು ಕೈಯಲ್ಲಿದೆ. ಇಂಥ ಹೆಣ್ಣನ್ನು ತೋರಿಸಲು ದೊಡ್ಡ ಸ್ಟುಡಿಯೋದ ಮೇಕಪ್ ವಿಭಾಗವೇ ಬಿಡುತ್ತಿರಲಿಲ್ಲ. ಹದಿನಾರು ಎಂಎಂ ಅವರು ಹೇಳಿದ ಅಲಕ್ಷ್ಯದ ಲಾಭ ನನಗೆ ಇಲ್ಲಿ ಕಾಣುತ್ತದೆ.

ಸಂಭಾಷಣೆಯನ್ನು ಅವರು ಉಸಿರು ಬಿಡದೆ ಉದುರಿಸುವುದಕ್ಕೆ ವೇಳೆಯ ಅಭಾವವೂ ಕಾರಣವಿರಬಹುದು, ಆದರೆ ಆ ವೇಗ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ. ಹೆಚ್ಚು ಕಡಿಮೆ ಮರೆತೇಹೋಗಿದ್ದ ಈ ನಟಿ ಇಳಿವಯಸ್ಸಿನಲ್ಲಿ ಕೆನಡಾದ ಗೈ ಮ್ಯಾಡಿನ್ ಅವರ ‘ಮೈ ವಿನ್ನಿಪೆಗ್’ (2007) ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು, 2008ರಲ್ಲಿ ತೀರಿಕೊಂಡರು.

ಇದೇ ಸಂದರ್ಭದಲ್ಲಿ ಐಡಾ ಲುಪಿನೊ ಅವರ ‘ದಿ ಹಿಚ್-ಹೈಕರ್’ (1953) ಚಿತ್ರವನ್ನೂ ನೆನೆಯಬೇಕು. ಆ ಕಾಲದ ಅಮೆರಿಕನ್ ನ್ವಾರ್ ಚಿತ್ರಗಳಲ್ಲಿ ಹೆಣ್ಣೊಬ್ಬರು ನಿರ್ದೇಶಿಸಿದ್ದು ಇದೊಂದೇ ಎಂದು ಚಿತ್ರ ಇತಿಹಾಸಕಾರರು ಗುರುತಿಸುತ್ತಾರೆ. ವಿಚಿತ್ರವೆಂದರೆ ಇದರಲ್ಲಿ ಮೋಹಿನಿಯ ಪಾತ್ರವೇ ಇಲ್ಲ. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರ ಕಾರಿಗೆ ಒಬ್ಬ ಕೊಲೆಗಾರ ಹತ್ತಿಕೊಳ್ಳುತ್ತಾನೆ. ಅವನ ಒಂದು ಕಣ್ಣು ನಿದ್ದೆಯಲ್ಲೂ ಮುಚ್ಚದು. ಅವನು ಮಲಗಿದಾಗ ಬೆಂಕಿಯ ಬೆಳಕಿನಲ್ಲಿ ತೆರೆದೇ ಇರುವ ಆ ಕಣ್ಣನ್ನು ನೋಡುತ್ತಾ, ಓಡಬೇಕೋ ಬೇಡವೋ ತಿಳಿಯದೆ ಇಬ್ಬರು ಗಂಡಸರು ಕುಳಿತಿರುತ್ತಾರೆ. ಆ ದೃಶ್ಯಕ್ಕೆ ಬೇಕಾದದ್ದು ಬಯಲು, ಮೂವರು ನಟರು, ಒಂದು ದೀಪ. ಕಥೆ ಸಾಗುವುದು ಮೆಕ್ಸಿಕೋದಲ್ಲಿ; ಅಲ್ಲಿನ ಜನ ಆಡುವ ಸ್ಪ್ಯಾನಿಷ್ ಮಾತಿಗೆ ಬಹುತೇಕ ಕಡೆ ಉಪಶೀರ್ಷಿಕೆಯನ್ನೂ ಲುಪಿನೊ ಹಾಕಿಲ್ಲ. ಆ ಭಾಷೆ ತಿಳಿಯದ ಕೊಲೆಗಾರನ ಸಿಡಿಮಿಡಿಯನ್ನು ನಾವೂ ಅನುಭವಿಸಬೇಕಾಗುತ್ತದೆ.

ಹದಿನಾರು_ಎಂಎಂ:

ಮೇಡಂ, ಲುಪಿನೊ ಅವರ ಹೆಸರನ್ನು ತಂದದ್ದಕ್ಕೆ ಧನ್ಯವಾದ. ಆ ಚಿತ್ರದ ಛಾಯಾಗ್ರಾಹಕ ನಿಕೊಲಸ್ ಮುಸುರಾಕಾ, ಆರ್.ಕೆ.ಓ. ಸ್ಟುಡಿಯೋದ ಹಳೆಯ ಕೈ. ಅವರದೇ ‘ಸ್ಟ್ರೇಂಜರ್ ಆನ್ ದ ಥರ್ಡ್ ಫ್ಲೋರ್’ (1940) ಕೂಡ ಸಣ್ಣ ಚಿತ್ರವೇ, ಮತ್ತು ಅದನ್ನು ಹಲವರು ನ್ವಾರ್‌ನ ಆರಂಭವೆಂದೇ ಎಣಿಸುತ್ತಾರೆ.

ಲೈಟ್ ಯೂನಿಟ್ ಅವರ ವಾದಕ್ಕೆ ನನ್ನದೊಂದು ಸಣ್ಣ ತಕರಾರಿದೆ. ಕತ್ತಲೆ ಯಾವಾಗಲೂ ದುಬಾರಿಯೇನಲ್ಲ. ಅದು ಕೈಯ ಮೇಲೆ ಅವಲಂಬಿತ. ಹಂಗೆರಿಯಲ್ಲಿ ಹುಟ್ಟಿದ ಜಾನ್ ಆಲ್ಟನ್ ಅವರನ್ನು ತೆಗೆದುಕೊಳ್ಳಿ. ಈಗಲ್-ಲಯನ್ ಎಂಬ ಸಣ್ಣ ಕಂಪನಿಗೆ, ನಿರ್ದೇಶಕ ಆಂಥನಿ ಮ್ಯಾನ್ ಜೊತೆ ಅವರು ಮಾಡಿದ ‘ಟಿ-ಮೆನ್’ (1947), ‘ರಾ ಡೀಲ್’ (1948) ಚಿತ್ರಗಳನ್ನು ನೋಡಿದರೆ, ಇತರರು ಹತ್ತು ದೀಪ ಬಳಸುವಲ್ಲಿ ಅವರು ಒಂದೆರಡರಲ್ಲಿ ಮುಗಿಸಿದ್ದು ಕಾಣುತ್ತದೆ. ‘ಟಿ-ಮೆನ್’ ಚಿತ್ರದಲ್ಲಿ ಒಬ್ಬ ಮುದಿ ಠಕ್ಕನನ್ನು ಹಬೆಸ್ನಾನದ ಕೋಣೆಯಲ್ಲಿ ಕೂಡಿಹಾಕಿ ಕೊಲ್ಲುತ್ತಾರೆ: ಒಂದು ಸಣ್ಣ ಕೋಣೆ, ಹಬೆ, ಬಾಗಿಲಿನ ಗಾಜಿಗೆ ಒತ್ತಿದ ಮುಖ. ‘ರಾ ಡೀಲ್’ ಇನ್ನೂ ಅಪರೂಪದ್ದು, ಏಕೆಂದರೆ ಕಥೆ ಹೇಳುವ ಧ್ವನಿ ಹೆಣ್ಣಿನದು. ಕೊನೆಯಲ್ಲಿ ಹಡಗಿನ ಕೋಣೆಯ ಗಡಿಯಾರದ ಗಾಜಿನಲ್ಲಿ ಕ್ಲೇರ್ ಟ್ರೆವರ್ ಅವರ ಮುಖ ಪ್ರತಿಫಲಿಸುತ್ತದೆ. ಒಂದು ಸತ್ಯವನ್ನು ಹೇಳಬೇಕೋ ಮುಚ್ಚಿಡಬೇಕೋ ಎಂದು ಆಕೆ ಒದ್ದಾಡುವ ಹೊತ್ತು ಮತ್ತು ಓಡುತ್ತಿರುವ ಮುಳ್ಳು, ಎರಡೂ ಒಂದೇ ಚೌಕಟ್ಟಿನಲ್ಲಿವೆ. ಈ ಆಲ್ಟನ್ ಅವರಿಗೇ ಮುಂದೆ ಆಸ್ಕರ್ ಬಂದದ್ದು ಬಣ್ಣದ ಚಿತ್ರಕ್ಕೆ, ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ (1951) ಚಿತ್ರದ ಬ್ಯಾಲೆ ದೃಶ್ಯಗಳಿಗಾಗಿ.

ಆಲ್ಟನ್ ಅವರು ನಿರ್ದೇಶಕ ಜೋಸೆಫ್ ಎಚ್. ಲೂಯಿಸ್ ಜೊತೆ ಮಾಡಿದ ‘ದಿ ಬಿಗ್ ಕಾಂಬೊ’ದಲ್ಲಿ (1955) ಒಂದು ಕೊಲೆಯಿದೆ. ಸಾಯಬೇಕಾದವನು ಶ್ರವಣಯಂತ್ರ ಹಾಕಿಕೊಂಡವನು. ಕೊಲ್ಲಿಸುವವನು ಬಂದು, ಗುಂಡಿನ ಸದ್ದು ನಿನಗೆ ಕೇಳದಿರಲಿ ಎಂದು ಉಪಕಾರ ಮಾಡುವವನಂತೆ ಆ ಯಂತ್ರವನ್ನು ಕಿವಿಯಿಂದ ಕಿತ್ತುಕೊಳ್ಳುತ್ತಾನೆ. ಮರುಕ್ಷಣ ಧ್ವನಿಪಟ್ಟಿಯೇ ಖಾಲಿ. ಬಂದೂಕಿನ ಬಾಯಿಂದ ಬೆಂಕಿ ಮಾತ್ರ ಚಿಮ್ಮುತ್ತದೆ. ಸದ್ದು ಇಲ್ಲದಿರುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಲೂಯಿಸ್ ಅವರದೇ ‘ಗನ್ ಕ್ರೇಜಿ’ (1950) ಇದಕ್ಕಿಂತ ಪ್ರಸಿದ್ಧ. ಕಮ್ಯುನಿಸ್ಟರೆಂಬ ಕಾರಣಕ್ಕೆ ಕೆಲಸ ಕೊಡಬಾರದೆಂದು ಹಾಲಿವುಡ್ ಮಾಡಿದ್ದ ಕಪ್ಪುಪಟ್ಟಿಗೆ ಸೇರಿದ್ದ ಡಾಲ್ಟನ್ ಟ್ರಂಬೊ ಅವರು ಇನ್ನೊಬ್ಬರ ಹೆಸರಿನ ಮರೆಯಲ್ಲಿ ಚಿತ್ರಕಥೆ ಬರೆದ ಚಿತ್ರವದು. ಅದರ ಬ್ಯಾಂಕ್ ದರೋಡೆಯನ್ನು ಕಾರಿನ ಹಿಂಬದಿಯಲ್ಲಿ ಕ್ಯಾಮೆರಾ ಇಟ್ಟು, ಮೂರು ನಿಮಿಷಕ್ಕೂ ಮಿಕ್ಕ ಒಂದೇ ಶಾಟಿನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟ್ರೋಸ್ ಎಂಬ ಊರಿನ ನಿಜವಾದ ಬೀದಿಯಲ್ಲಿ ತೆಗೆದಿದ್ದಾರೆ. ಪೆಗ್ಗಿ ಕಮ್ಮಿನ್ಸ್, ಜಾನ್ ಡಾಲ್ ಇಬ್ಬರೂ ಕಾರು ನಿಲ್ಲಿಸಲು ಜಾಗ ಸಿಕ್ಕೀತೇ ಎಂದು ತಮ್ಮಷ್ಟಕ್ಕೆ ಗೊಣಗಿಕೊಳ್ಳುತ್ತಾ ಬರುತ್ತಾರೆ. ಅವನು ಒಳಗೆ ಹೋಗುತ್ತಾನೆ. ಆಕೆ ಇಳಿದು, ಎದುರಿಗೆ ಬಂದ ಪೊಲೀಸನನ್ನು ಮಾತಿನಲ್ಲಿ ಹಿಡಿದಿಡುತ್ತಾಳೆ. ಬ್ಯಾಂಕಿನ ಒಳಗೆ ಏನಾಯಿತೆಂದು ನಮಗೆ ತೋರಿಸುವುದೇ ಇಲ್ಲ. ಕತ್ತರಿ ಟೇಪು ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು, ಮತ್ತು ಇದು ಹಾಡಹಗಲಿನ ದೃಶ್ಯ ಎಂಬುದನ್ನೂ ಗಮನಿಸಬೇಕು.

ಚಾಮರಾಜಪುರ_ಪ್ರೇಕ್ಷಕ:

ನಮ್ಮವರೊಬ್ಬರ ಹೆಸರು ಇಲ್ಲಿ ಬರದಿದ್ದರೆ ಹೇಗೆ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು, ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ತರ ಮೊದಲ ಚಿತ್ರ ‘ಬಾಝಿ’ಯಲ್ಲಿ (1951) ಸಹಾಯಕರಾಗಿದ್ದರು, ಮರುವರ್ಷ ‘ಜಾಲ್’ ಚಿತ್ರದಿಂದ ಗುರುದತ್ತರ ಖಾಯಂ ಛಾಯಾಗ್ರಾಹಕರಾದರು. ಗುರುದತ್ತರ ನಿರ್ಮಾಣದಲ್ಲಿ ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿ.ಐ.ಡಿ.’ (1956) ಕೂಡ ಅವರ ಕ್ಯಾಮೆರಾದ್ದೇ. ಜೂಜಿನ ಅಡ್ಡೆ, ಪತ್ರಿಕಾ ಸಂಪಾದಕನ ಕೊಲೆ, ಕಿಟಕಿಯ ಪಟ್ಟಿಗಳ ನೆರಳು, ಎಲ್ಲವೂ ಈ ಚಿತ್ರಗಳಲ್ಲಿವೆ. ಈ ಬೆಳಕು ಬೊಂಬಾಯಿಗೆ ಬಂದದ್ದು ಅಮೆರಿಕನ್ ಸಣ್ಣ ಚಿತ್ರಗಳಿಂದಲೇ?

ಲೈಟ್_ಯೂನಿಟ್:

ಮೂರ್ತಿ ಸರ್ ಹೆಸರು ಕೇಳಿದರೆ ನಮ್ಮ ವೃತ್ತಿಯವರೆಲ್ಲ ಕೈಮುಗಿಯುತ್ತೇವೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಆದರೆ ಅವರ ಚಿತ್ರಗಳು ನನ್ನ ವಾದದ ಪರವಾಗಿಯೇ ನಿಲ್ಲುತ್ತವೆ ಸ್ವಾಮಿ. ‘ಬಾಝಿ’, ‘ಸಿ.ಐ.ಡಿ.’ ಎರಡೂ ದೇವಾನಂದ್ ನಾಯಕರಾಗಿದ್ದ, ಹಾಡುಗಳಿಂದ ತುಂಬಿದ, ಭರ್ಜರಿಯಾಗಿ ಓಡಿದ ಚಿತ್ರಗಳು. ಅವುಗಳ ಹಿಂದೆ ‘ಗಿಲ್ಡಾ’ (1946) ತರಹದ ದೊಡ್ಡ ಸ್ಟುಡಿಯೋ ಚಿತ್ರದ ನೆರಳಿದೆಯೇ ಹೊರತು ಪಿ.ಆರ್.ಸಿ.ಯದ್ದಲ್ಲ. ನೆರಳನ್ನು ಬೇಕೆಂದ ಕಡೆ ನಿಲ್ಲಿಸಲು ಮೂರ್ತಿ ಸರ್‌ಗೆ ಕಾಯುವ ಅವಕಾಶವಿತ್ತು, ಕಾಯುವ ನಿರ್ದೇಶಕರಿದ್ದರು.

ಆಲ್ಟನ್ ಬಗ್ಗೆ ಹದಿನಾರು ಎಂಎಂ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಒಂದು ದೀಪದಲ್ಲಿ ಮುಗಿಸಲು ಹತ್ತು ದೀಪ ಬಲ್ಲವನೇ ಬೇಕು.

ಕತ್ತರಿ_ಟೇಪು:

ವೆರಾ ಸಾಯುವ ದೃಶ್ಯದ ಬಗ್ಗೆ ಒಂದು ಮಾತು ಬಾಕಿ ಉಳಿದಿದೆ. ಚಿತ್ರ ನೋಡದವರು ಇದನ್ನು ದಾಟಿ ಮುಂದಿನದನ್ನು ಓದಬಹುದು.

ಕುಡಿದ ವೆರಾ, ಪೊಲೀಸರಿಗೆ ಹೇಳಿಬಿಡುತ್ತೇನೆಂದು ಫೋನನ್ನು ಎತ್ತಿಕೊಂಡು ಮಲಗುವ ಕೋಣೆಗೆ ನುಗ್ಗಿ ಚಿಲಕ ಹಾಕುತ್ತಾಳೆ. ಮಂಚದ ಮೇಲೆ ಉರುಳಿದಾಗ ತಂತಿ ಕುತ್ತಿಗೆಗೆ ಸುತ್ತಿಕೊಂಡಿರುತ್ತದೆ. ಹೊರಗಿರುವ ಅಲ್, ತಂತಿ ಕಿತ್ತುಬರಲೆಂದು ಬಾಗಿಲಿನ ಸಂದಿಯಿಂದ ಜಗ್ಗುತ್ತಾನೆ. ಬಾಗಿಲು ಒಡೆದು ಒಳಹೊಕ್ಕಾಗ ಆಕೆ ಸತ್ತಿದ್ದಾಳೆ. ಆಗ ಕ್ಯಾಮೆರಾ ಆಕೆಯ ಮುಖದಿಂದ ಹೊರಟು ಕೋಣೆಯ ಒಂದೊಂದೇ ವಸ್ತುವಿನ ಬಳಿ ಹೋಗುತ್ತದೆ. ಪ್ರತಿಯೊಂದೂ ಮೊದಲು ಮಸುಕು, ಆಮೇಲೆ ಸ್ಪಷ್ಟ, ಮತ್ತೆ ಮಸುಕು. ತನ್ನ ವಿರುದ್ಧ ಸಾಕ್ಷಿ ಹೇಳಬಲ್ಲ ವಸ್ತುಗಳನ್ನು ಅವನ ಕಣ್ಣು ಲೆಕ್ಕ ಹಾಕುತ್ತಿದೆ. ಎಲ್ಲೂ ಕತ್ತರಿಸಿಲ್ಲ. ಇದಕ್ಕೆ ಬೇಕಾದದ್ದು ಫೋಕಸ್ ತಿರುಗಿಸುವ ಒಬ್ಬ ಸಹಾಯಕ ಮತ್ತು ಚೆನ್ನಾಗಿ ಯೋಚಿಸಿದ ಒಂದು ಸಾಲು, ಅಷ್ಟೇ.

ಹ್ಯಾಸ್ಕೆಲ್ ಕಾರಿನ ಬಾಗಿಲು ತೆರೆದಾಗ ತಾನೇ ಬಿದ್ದು ತಲೆ ಒಡೆದುಕೊಂಡ. ವೆರಾ ತಂತಿಗೆ ತಾನೇ ಸಿಕ್ಕಿಕೊಂಡಳು. ಎರಡು ಸಾವು, ಎರಡಕ್ಕೂ ಅವನು ಹೊಣೆಯಲ್ಲ, ಎರಡನ್ನೂ ನಮಗೆ ಹೇಳುತ್ತಿರುವವನು ಅವನೇ. ಇದನ್ನು ನಾನು ನಂಬುವುದಿಲ್ಲ. ಹಣವಿಲ್ಲದೆ ತೋರಿಸಲಾಗದ ಸಂಗತಿಗಳನ್ನು ತುಂಬಲೆಂದು ಹಾಕಿದ ನಿರೂಪಣೆ, ನಡುನಡುವೆ ‘ನೀವು ನಂಬುವುದಿಲ್ಲ ಬಿಡಿ’ ಎಂಬ ಧಾಟಿಯಲ್ಲಿ ನಮ್ಮನ್ನೇ ಕೆಣಕುತ್ತಿರುವುದರಿಂದ, ಕೊನೆಗೆ ಚಿತ್ರದ ವಸ್ತುವೇ ಆಗಿಬಿಟ್ಟಿದೆ.

ತೀರ್ಥಹಳ್ಳಿಯವಳು:

ನಾನು ಒಪ್ಪುವುದಿಲ್ಲ. ಅವನು ಸುಳ್ಳು ಹೇಳುವಷ್ಟು ಚುರುಕಿನವನಲ್ಲ. ಸುಳ್ಳುಗಾರನಾಗಿದ್ದರೆ ವೆರಾಳನ್ನು ಇಷ್ಟು ಜೀವಂತವಾಗಿ ನಮ್ಮ ಮುಂದೆ ನಿಲ್ಲಿಸುತ್ತಿರಲಿಲ್ಲ. ತನಗಿಂತ ಎಲ್ಲದರಲ್ಲೂ ಮೇಲಾಗಿ ಕಾಣುವ ಹೆಣ್ಣನ್ನು ಯಾವ ಆರೋಪಿ ತನ್ನ ಹೇಳಿಕೆಯಲ್ಲಿ ತರುತ್ತಾನೆ? ಕೊನೆಯಲ್ಲಿ ಪೊಲೀಸ್ ಕಾರು ಬಂದು ಅವನನ್ನು ಹತ್ತಿಸಿ ಕರೆದೊಯ್ಯುವುದನ್ನೇ ನೋಡಿ. ಅಪರಾಧಿಗೆ ಶಿಕ್ಷೆಯಾಗಲೇಬೇಕೆಂಬ ಆ ಕಾಲದ ನಿರ್ಮಾಣ ಸಂಹಿತೆಯ ಒತ್ತಾಯಕ್ಕೆ ಇಟ್ಟ ದೃಶ್ಯವದು, ಆದರೂ ‘ಒಂದು ದಿನ ಹೀಗಾಗುತ್ತದೆ’ ಎಂದು ಅವನೇ ಹೇಳುತ್ತಿರುವಾಗಲೇ ಕಾರು ಬಂದು ನಿಲ್ಲುತ್ತದೆ. ಅದು ನಡೆದದ್ದೋ ಅವನು ಕಲ್ಪಿಸಿಕೊಂಡದ್ದೋ ಗೊತ್ತಾಗದು. ಸಂಹಿತೆಯನ್ನು ಜಾರಿ ಮಾಡುವ ಮಂಡಳಿಗೂ ತೃಪ್ತಿ, ಉಲ್ಮರ್‌ಗೂ ತೃಪ್ತಿ.

ಹೊಸಬ_2:

ಇಷ್ಟೆಲ್ಲ ಓದಿದ ಮೇಲೆ ನೋಡುವ ಆಸೆಯಾಗಿದೆ. ಅಂತರ್ಜಾಲದಲ್ಲಿ ‘ಡಿಟೂರ್’ ಉಚಿತವಾಗಿ ಸಿಕ್ಕಿತು, ಆದರೆ ಚಿತ್ರ ಪೂರ್ತಿ ಬೂದು, ಧ್ವನಿ ಕರಕರ. ಇಷ್ಟು ಹೊಗಳಿದ ಬೆಳಕು ನನಗೆ ಕಾಣಲೇ ಇಲ್ಲ. ಬೇರೆ ಪ್ರತಿ ಇದೆಯೇ? ಮೊದಲು ಯಾವುದನ್ನು ನೋಡಲಿ?

ಸೆಕೆಂಡ್_ಶೋ:

ಹೊಸಬ ಅವರೇ, ಈ ಚಿತ್ರದ ಹಕ್ಕುಸ್ವಾಮ್ಯ ಮುಗಿದು ದಶಕಗಳೇ ಆಗಿರುವುದರಿಂದ ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಹಾಗಾಗಿ ಪ್ರತಿಯ ಪ್ರತಿಯ ಪ್ರತಿಗಳು ತುಂಬಿಕೊಂಡಿವೆ. ತಾವು ನೋಡಿದ್ದು ಅಂಥದ್ದೇ ಇರಬೇಕು. 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಇದನ್ನು ಪುನರುಜ್ಜೀವನಗೊಳಿಸಿದವು. ಬೆಲ್ಜಿಯಂನ ಚಿತ್ರ ಭಂಡಾರದಲ್ಲಿದ್ದ ಪ್ರತಿಯ ಮೇಲೆ ಫ್ರೆಂಚ್ ಮತ್ತು ಫ್ಲೆಮಿಷ್ ಉಪಶೀರ್ಷಿಕೆಗಳು ಅಚ್ಚಾಗಿಹೋಗಿದ್ದವು; ಅವುಗಳನ್ನು ಡಿಜಿಟಲ್ ವಿಧಾನದಲ್ಲಿ ಅಳಿಸಿದರು. 2019ರಲ್ಲಿ ಕ್ರೈಟೀರಿಯನ್ ಸಂಸ್ಥೆ ಹೊರತಂದ ಡಿಸ್ಕ್ ಅದರದ್ದು. ಕಣ್ಣಿನ ಮೇಲಿನ ಆ ಪಟ್ಟಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ಮೊದಲಿಗೆ ಅದನ್ನೇ ನೋಡಬೇಕೆಂದಿಲ್ಲ. ರಿಚರ್ಡ್ ಫ್ಲೈಶರ್ ಅವರ ‘ದಿ ನ್ಯಾರೋ ಮಾರ್ಜಿನ್’ (1952) ನೋಡಿ. 71 ನಿಮಿಷ, ಬಹುತೇಕ ಪೂರ್ತಿ ರೈಲಿನೊಳಗೆ. ಸಾಕ್ಷಿ ಹೇಳಬೇಕಾದ ಹೆಣ್ಣೊಬ್ಬಳನ್ನು ಪೊಲೀಸನೊಬ್ಬ ರೈಲಿನಲ್ಲಿ ಕರೆದೊಯ್ಯುತ್ತಿದ್ದಾನೆ, ಕೊಲೆಗಾರರಿಗೆ ಆಕೆಯ ಮುಖ ಗೊತ್ತಿಲ್ಲ. ರೈಲಿನ ಸೆಟ್ಟನ್ನು ಅಲುಗಾಡಿಸುವ ವ್ಯವಸ್ಥೆಗೆ ಖರ್ಚು ಮಾಡದೆ, ಸೆಟ್ಟನ್ನು ನೆಲಕ್ಕೆ ಭದ್ರವಾಗಿ ಕೂರಿಸಿ, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದ್ದಾರೆ. ಹಿನ್ನೆಲೆ ಸಂಗೀತವೂ ಇಲ್ಲ, ಗಾಲಿಯ ಸದ್ದು ಮತ್ತು ಸಿಳ್ಳೆಯೇ ಸಂಗೀತ. ಆಮೇಲೆ ‘ರಾ ಡೀಲ್’, ‘ಗನ್ ಕ್ರೇಜಿ’, ಅದರ ನಂತರ ‘ಡಿಟೂರ್’. ವೆರಾಳ ವಿಷಯದಲ್ಲಿ ಕತ್ತರಿ ಟೇಪು ಅವರು ಸರಿಯೋ ತೀರ್ಥಹಳ್ಳಿಯವರು ಸರಿಯೋ, ನೋಡಿ ಬಂದು ಇಲ್ಲೇ ಬರೆಯಿರಿ.